ನಮ್ಮ ಸ್ಟೇಷನ್ನು ಮತ್ತು ಗೌರಿಯ ಉಡಿ

ರೈಲನ್ನು ಬಯ್ಯುವುದರಲ್ಲಿ ಒಂದು ಸುಖವಿದೆ. ಹೆಂಡತಿಯನ್ನು ಬಯ್ದರೆ ಊಟಕ್ಕೆ ಕುತ್ತು, ಸಾಹುಕಾರರನ್ನು ಬಯ್ದರೆ ಸಂಬಳಕ್ಕೆ ಕುತ್ತು. ರೈಲು ಮಾತ್ರ ಎಷ್ಟು ಬಯ್ದರೂ ಮರುದಿನ ಮತ್ತೆ ಹತ್ತಿಸಿಕೊಳ್ಳುತ್ತದೆ. ಆದವಾನಿಯ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯೊಂದರಲ್ಲಿ ಗುಮಾಸ್ತನಾಗಿ, ಹಳ್ಳಿಯಿಂದ ದಿನಾ ಬೆಳಗಿನ ಪ್ಯಾಸೆಂಜರಿಗೆ ಹೋಗಿ ಸಂಜೆ ತಿರುಗಿ ಬರುವ ನಾನು ಈ ಸುಖವನ್ನು ಮನಸಾರೆ ಉಂಡವನು. ನಿಜ ಹೇಳಬೇಕೆಂದರೆ ರೈಲಿಗಿಂತ ನಮ್ಮ ಸ್ಟೇಷನ್ನನ್ನೇ ಹೆಚ್ಚು ಬಯ್ದಿದ್ದೇನೆ.

ಅದರ ಇತಿಹಾಸವೇ ಹಾಗಿದೆ. ಬಿಳಿಯರ ಕಾಲದಲ್ಲಿ ಹತ್ತಿ ಸಾಗಿಸಲು ಇಲ್ಲೊಂದು ಸ್ಟೇಷನ್ ಮಾಡಲು ಬಂದರಂತೆ. ಅದು ನಮ್ಮೂರಲ್ಲೇ ಆಗಬೇಕೆಂದು ನಮ್ಮ ಹಿರಿಯರು, ತಮ್ಮೂರಲ್ಲೇ ಆಗಬೇಕೆಂದು ಪಕ್ಕದೂರಿನವರು ಹಟ ಹಿಡಿದರು. "ಅವರೂರಾಗ ಆಗೂದಕ್ಕಿಂತ ಯಾರೂರಾಗೂ ಆಗದಿದ್ರ ಚಲೋ" ಎಂಬ ಒಂದೇ ಮಾತಿಗೆ ಎರಡೂ ಊರು ಒಪ್ಪಿದವು. ಹೀಗಾಗಿ ಎರಡಕ್ಕೂ ಸಮನಾಗಿ ದೂರವಾದ ಎರೆಹೊಲದ ನಡುವೆ ಸ್ಟೇಷನ್ ಎದ್ದಿತು. ಮಳೆಗಾಲದಲ್ಲಿ ಎರೆಮಣ್ಣು ಚಪ್ಪಲಿ ಕಿತ್ತುಕೊಳ್ಳುವಾಗ ಹಿರಿಯರನ್ನು ನೆನೆಯುತ್ತೇನೆ. ಏನೆಂದು ನೆನೆಯುತ್ತೇನೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಇನ್ನು ಅನುಕೂಲಗಳು. ಒಂದು ತಗಡಿನ ಚಪ್ಪರ, ಅದರಡಿ ಕಾಲು ಮುರಿದ ಬೆಂಚು. ವೇಟಿಂಗ್ ರೂಮ್ ಇದೆ, ಬೀಗ ಹಾಕಿದೆ. ಗಡಿಯಾರವೂ ಇದೆ, ಸ್ಟೇಷನ್ ಮಾಸ್ತರರ ಕೋಣೆಯೊಳಗೆ, ಅವರ ಕಡೆ ಮುಖ ಮಾಡಿಕೊಂಡು. ನಾವು ಮದರಾಸು ಪ್ರಾಂತದವರಾಗಿದ್ದಾಗ ಬೆಂಚಿನ ಬಗ್ಗೆ ಮದರಾಸಿಗೆ ಅರ್ಜಿ ಹೋಯಿತು. ಆಂಧ್ರವಾಗಿ ಕರ್ನೂಲು ರಾಜಧಾನಿಯಾಯಿತು, ಅಲ್ಲಿಗೂ ಹೋಯಿತು. ಈಗ ಹೈದರಾಬಾದು. ರಾಜಧಾನಿಗಳೇ ಎದ್ದು ತಿರುಗಾಡಿದವು, ಬೆಂಚು ಮಾತ್ರ ಇದ್ದಲ್ಲೇ ಕುಂಟುತ್ತಿದೆ.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಉಡಿ ತುಂಬುವ ಪದ್ಧತಿ. ಹೆಣ್ಣುಮಗಳು ತವರಿನಿಂದ ಗಂಡನ ಮನೆಗೆ ಹೊರಟರೆ ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಹಾಕಿ ಹರಸುವುದು ಎಲ್ಲೆಡೆ ಇದೆ. ಆದರೆ ಎಲ್ಲರೂ ಅದನ್ನು ಮನೆಯಲ್ಲಿ ಮುಗಿಸುತ್ತಾರೆ. ನಮ್ಮೂರಲ್ಲಿ ಮನೆಯಲ್ಲೊಮ್ಮೆ ತುಂಬಿ, ಮನಸ್ಸು ತುಂಬದೆ, ಓಣಿಯ ಹೆಂಗಸರೆಲ್ಲ ಸ್ಟೇಷನ್ನಿಗೆ ಬಂದು ಡಬ್ಬಿಯ ಬಾಗಿಲಲ್ಲಿ ಮತ್ತೊಮ್ಮೆ ತುಂಬುತ್ತಾರೆ. ಅಳುವುದೂ ಅಲ್ಲೇ. ಗಾರ್ಡ್ ಹಸಿರು ಬಾವುಟವನ್ನು ಕಂಕುಳಲ್ಲಿಟ್ಟುಕೊಂಡು ನಿಲ್ಲುತ್ತಾನೆ. ನಾನು ರೇಗಿದರೆ, "ಆಡಪಿಲ್ಲ ಕದಾ ಸಾರ್, ಹೆಣ್ಣುಮಗಳು, ಹೋಗ್ಲಿ ಬಿಡ್ರಿ" ಎನ್ನುತ್ತಾನೆ. ಆ ಪುಣ್ಯಾತ್ಮನಿಗೆ ಬರೀ ಹೆಣ್ಣುಮಕ್ಕಳು.

ತಡವಾಗಿ ಹೋಗಿ ಫ್ಯಾಕ್ಟರಿಯಲ್ಲಿ ಈ ಕಾರಣ ಹೇಳಿದರೆ ಸಾಹುಕಾರರು ನಂಬಲಿಲ್ಲ. "ಉಡಿ ತುಂಬಾಕ ರೈಲು ನಿಲ್ತೈತಿ ಅಂದ್ರ ಯಾರ ಕಿವ್ಯಾಗ ಹೂವು ಇಡ್ತೀಯಪಾ? ಇವತ್ತು ನಾ ರಾಯಚೂರಿಗೆ ಹೊಂಟೀನಿ. ನಾಳೆ ಮುಂಜಾನೆ ನಿನ್ನ ಗಾಡಿಗೇ ತಿರುಗಿ ಬರ್ತೀನಿ. ಸುಳ್ಳಾತು ಅಂದ್ರ ನೀ ಮನ್ಯಾಗ ಇದ್ದುಬಿಡು" ಎಂದರು.

ನನ್ನ ಹಣೆಬರಹ, ನಾಗರ ಪಂಚಮಿ ಹತ್ತಿರ ಬಂದಿತ್ತು. ಹೆಣ್ಣುಮಕ್ಕಳು ತವರಿಗೆ ಬರುವ ಕಾಲ ಅದು, ಹೋಗುವ ಕಾಲವಲ್ಲ. ಆ ಸಂಜೆ ಮನೆಮನೆಗೂ ಹೋಗಿ, "ನಿಮ್ಮ ಮಗಳು ಯಾವಾಗ ಹೊಂಟಾಳ್ರಿ?" ಎಂದು ಕೇಳಿದೆ. ಅದಕ್ಕೆ ಸಿಕ್ಕ ಉತ್ತರಗಳಿಂದ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದರೆ, ಹಬ್ಬಕ್ಕೆಂದು ಬಂದಿದ್ದ ತಂಗಿ ಗೌರಿ ಪಡಸಾಲೆಯಲ್ಲಿ ಎಳ್ಳು ಹಸನು ಮಾಡುತ್ತ ಕುಳಿತಿದ್ದಳು. ನನ್ನ ತಲೆ ಓಡಿತು. ಅವ್ವನಿಗೆ, ಹೆಂಡತಿಗೆ ಕೈಮುಗಿದೆ. ಬರೀ ನಾಟಕ, ಗೌರಿ ಆದವಾನಿವರೆಗೆ ಬಂದು ಬಳೆ ಇಡಿಸಿಕೊಂಡು ಸಂಜೆ ನನ್ನ ಜೊತೆಗೇ ತಿರುಗಿ ಬರಲಿ ಎಂದೆ. ಅವ್ವ ಮುಖ ತಿರುಗಿಸಿದಳು. ಗೌರಿ ಮಾತ್ರ, "ಅಣ್ಣನ ನೌಕರಿ ಉಳಿಯೂದಾದ್ರ ಹೋಗ್ತೀನಿ ಬಿಡವ್ವಾ" ಎಂದಳು.

ನಾಟಕವೆಂದು ಓಣಿಯವರಿಗೆ ಯಾರೂ ಹೇಳಿರಲಿಲ್ಲ. ಅವರು ನಿಜವಾಗಿಯೇ ಬಂದರು, ನಿಜವಾದ ಅಕ್ಕಿ ತುಂಬಿದರು, ನಿಜವಾಗಿಯೇ ಅತ್ತರು. ರೈಲು ನಿಂತೇ ನಿಂತಿತು. ಸಾಹುಕಾರರು ಕಿಟಕಿಯಿಂದ ತಲೆ ಹೊರಹಾಕಿ ಬಾಯಿ ತೆರೆದು ನೋಡಿದರು. ಅವರ ಕೈಗೂ ಯಾರೋ ಒಂದು ಎಳ್ಳಿನ ಉಂಡಿ ಕೊಟ್ಟರು. "ಖರೇನ ಐತಲ್ಲೋ" ಎಂದು ಅದನ್ನು ಕಡಿದರು. ನನ್ನ ನೌಕರಿ ಉಳಿಯಿತು.

ಆದವಾನಿ ಬಂತು, ನಾನು ಇಳಿದೆ. ಗೌರಿ ಏಳಲಿಲ್ಲ. ಮಡಿಲಲ್ಲಿ ಉಡಿ ಹಿಡಿದುಕೊಂಡು ಕುಳಿತೇ ಇದ್ದಳು.

"ಇಳಿಯವ್ವಾ."

"ಹೆಂಗ ಇಳೀಲಣ್ಣಾ? ಉಡಿ ತುಂಬಿಸ್ಕೊಂಡಾಕಿ ಅದ ಹೊಸ್ತಿಲಕ್ಕ ತಿರುಗಿ ಬರಬಾರದು. ಗಂಡನ ಮನಿಗೇ ಹೋಗಬೇಕು. ನೀ ತಿಳಿದ ಕೇಳಿದಿ ಅಂದ್ಕೊಂಡಿದ್ದೆ."

ನನಗೆ ತಿಳಿದಿರಲಿಲ್ಲ. ವರ್ಷಗಟ್ಟಲೆ ನೋಡಿ ಬಯ್ದಿದ್ದೆನೇ ಹೊರತು ಹೋದವರು ಹೋಗಿಯೇಬಿಡುತ್ತಾರೆ ಎಂದು ಯೋಚಿಸಿರಲಿಲ್ಲ. ಗಾಡಿ ಅವಳ ಗಂಡನ ಊರಿರುವ ಗುಂತಕಲ್ ಕಡೆ ಹೊರಟಿತು. ಪಂಚಮಿ ಜೋಕಾಲಿ ಆಡಬೇಕಾದ ತಂಗಿ ಅದರಲ್ಲಿ ಹೋದಳು. ನಾಚಿಕೆಯಾಯಿತು.

ಮನೆಯಲ್ಲಿ ಅವ್ವ, "ಹಬ್ಬಕ್ಕ ಬಂದ ಮಗಳನ್ನ ಹಬ್ಬದ ಮುಂದ ಓಡಿಸಿದಿ" ಎಂದವಳು ಗೌರಿ ಹಸನು ಮಾಡಿದ್ದ ಎಳ್ಳನ್ನು ಎತ್ತಿಟ್ಟುಬಿಟ್ಟಳು. ನಾದಿನಿಯನ್ನು ಹೊರಹಾಕಿದವಳೆಂದು ಓಣಿಯಲ್ಲೆಲ್ಲ ಹೆಸರು ಹೊತ್ತ ನನ್ನ ಹೆಂಡತಿ ಬೆಳಗಿನ ರೊಟ್ಟಿ ನಿಲ್ಲಿಸಿದಳು. ನಾನೇ ತಟ್ಟತೊಡಗಿದೆ. ಹೆಣ್ಣುಮಕ್ಕಳು ಹೋಗದ ಆ ದಿನಗಳಲ್ಲಿ ರೈಲು ಸರಿಯಾದ ಹೊತ್ತಿಗೆ ಬಂದು ಸರಿಯಾದ ಹೊತ್ತಿಗೆ ಹೋಗುತ್ತಿತ್ತು. ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲಿ ನಾನು ಎರೆಹೊಲದ ನಡುವೆ ಓಡುತ್ತಿರುವಾಗಲೇ ಅದು ಕೂಗಿ ಹೊರಟುಬಿಡುತ್ತಿತ್ತು.

ಹಬ್ಬಕ್ಕೆ ಮುಂಚಿನ ರವಿವಾರ ಗೌರಿಯನ್ನು ಕರೆತರಲು ಹೋದೆ. ಅವಳ ಗಂಡನ ಮನೆ ಆ ಊರಿನ ಸ್ಟೇಷನ್ನಿನ ಎದುರಿಗೇ. ಬಾಗಿಲಲ್ಲಿ ನೀರು ಕೊಟ್ಟು, "ಈಗ ರೈಲು ಹೊತ್ತಿಗೆ ಸರಿಯಾಗಿ ಬರ್ತೈತೇನಣ್ಣಾ?" ಎಂದು ಕೇಳಿದಳು. ಕುಹಕವಿರಲಿಲ್ಲ, ಅದೇ ಚುಚ್ಚಿತು.

"ಬರ್ತೈತವ್ವಾ. ನನಗ ಸಿಗವಲ್ದು" ಎಂದೆ.

ಅವಳು ನಕ್ಕು ಗಂಟು ಕಟ್ಟಿಕೊಂಡಳು. ಅವಳತ್ತೆ ಒಳಗಿನಿಂದ ಅಕ್ಕಿಯ ಮೊರ ಹಿಡಿದು ಬಂದು, ತವರಿಗೆ ಹೋಗುವ ಸೊಸೆಯನ್ನು ನಾವೂ ಬರೀ ಉಡಿಯಲ್ಲಿ ಕಳಿಸುವುದಿಲ್ಲ ಎಂದರು. ಅಷ್ಟರಲ್ಲಿ ಸಂಜೆಯ ಗಾಡಿ ಬಂದು ನಿಂತು ಕೂಗಿತು. ಮುದುಕಿ ಗಾಬರಿಯಾಗಿ ಬೊಗಸೆ ಬೊಗಸೆ ಅಕ್ಕಿ ಸುರಿಯತೊಡಗಿದರು.

"ಸಾವಕಾಶ ತುಂಬ್ರಿ ಅತ್ತೀ" ಎಂದೆ, "ನಾ ಗಾರ್ಡಿಗೆ ಹೇಳಿ ಬರ್ತೀನಿ."