ಬೆನ್ನಿನ ಮೇಲೆ ಏಳು ಮುದ್ರೆ

ದೋಹಾದಲ್ಲಿ ಸೆಕೆಗಾಲ ಹೇಳಿ ಹೋಗುವುದಿಲ್ಲ. ಅಕ್ಟೋಬರ್ ಕೊನೆಯ ಯಾವುದೋ ಗುರುವಾರ ಏಸಿ ಹಾಕಿಕೊಂಡು ಮಲಗಿದವರು ಶುಕ್ರವಾರ ಬೆಳಿಗ್ಗೆ ಕಂಬಳಿ ಹುಡುಕುತ್ತಾರೆ. ವೆಂಕಟರಾಮು ಹಾಗೆ ಏಸಿಯ ಬಾಯಿಗೆ ತಲೆ ಕೊಟ್ಟು ಮಲಗಿದ್ದ. ಎದ್ದು ಕಾಫಿ ಕೇಳಿದರೆ ಗಂಟಲಿನಿಂದ ಎಣ್ಣೆ ಕಾಣದ ಕೀಲಿನ ಸದ್ದು ಹೊರಟಿತು.

"ಏಸಿ ಆರಿಸಿ ಅಂತ ರಾತ್ರಿನೇ ಬಡ್ಕೊಂಡೆ," ಎಂದಳು ಹೆಂಡತಿ ಇಂದಿರಮ್ಮ. "ಹವಾ ಬದಲಾದಾಗೆಲ್ಲ ನಿಮ್ಮದು ಇದೇ ಗೋಳು. ಸಂಜೆ ಸುಪ್ರೀತನ ಮನೇಲಿ ಪೂಜೆ. ಈ ಗಂಟಲಲ್ಲಿ ಮಂತ್ರ ಹೇಳ್ತೀರೋ, ಕಾಗೆ ಕರೀತೀರೋ?"

ಆ ಮಾತು ವೆಂಕಟರಾಮುವಿಗೆ ನಾಟಿತು. ವಾರದಲ್ಲಿ ಆರು ದಿನ ಅವನು ಕಟ್ಟಡ ಕಂಪನಿಯೊಂದರ ಸ್ಟೋರ್‌ಕೀಪರ್. ಬೋಲ್ಟು ನಟ್ಟು ಬೇಕಾದವರೆಲ್ಲ ಕಿಟಕಿಯಾಚೆ ನಿಂತು "ರಾಮು, ಯಲ್ಲಾ ಯಲ್ಲಾ" ಎಂದು ಅರಬ್ಬಿಯಲ್ಲಿ ಅವಸರಪಡಿಸುವವರೇ. ಶುಕ್ರವಾರ ಮಾತ್ರ ಅವನು ಆಚಾರ್ರು. ಪುರೋಹಿತರು ಸಿಗದ ಆ ಊರಿನಲ್ಲಿ ಸತ್ಯನಾರಾಯಣ ಪೂಜೆಯನ್ನು ಬಾಯಿಪಾಠವಾಗಿ ಮಾಡಿಸಬಲ್ಲವನು ಅವನೊಬ್ಬನೇ. ಆ ದಿನ ಬಾಗಿಲು ಮುಚ್ಚಿದ ಯಾವುದಾದರೂ ಫ್ಲ್ಯಾಟಿನಲ್ಲಿ ಇಂಜಿನಿಯರುಗಳು ಅವನ ಕಾಲಿಗೆ ಬೀಳುತ್ತಿದ್ದರು. ಆದರೆ ಕಳೆದ ತಿಂಗಳು ಅವರಲ್ಲೊಬ್ಬನಾದ ಸುಪ್ರೀತ್ ಊರಿನಿಂದ ಪೂಜೆಯ ಕ್ಯಾಸೆಟ್ ತರಿಸಿದ್ದ. ಕ್ಯಾಸೆಟ್ಟಿಗೆ ನೆಗಡಿಯಾಗುವುದಿಲ್ಲ. ಇವತ್ತು ಗಂಟಲು ಕೈಕೊಟ್ಟರೆ ಟೇಪ್‌ರೆಕಾರ್ಡರು ಅವನ ಮಣೆಯ ಮೇಲೆ ಖಾಯಮ್ಮಾಗಿ ಕೂರುತ್ತದೆ.

ಮೆಣಸಿನ ಕಷಾಯ ಎರಡು ಲೋಟ ಇಳಿಯಿತು. ಗಂಟಲು ಉರಿಯಿತೇ ಹೊರತು ಬಿಡಲಿಲ್ಲ. ಅಷ್ಟರಲ್ಲಿ ಮೇಲಿನ ಮನೆಯ ಸಂಕಪ್ಪ ಪೇಪರ್ ಕೇಳುವ ನೆಪದಲ್ಲಿ ಕಾಫಿಗೆ ಬಂದ. ಬಾಗಲಕೋಟೆ ಕಡೆಯವನು, ಸೈಟಿನಲ್ಲಿ ಫೋರ್‌ಮನ್. ಇನ್ನೊಬ್ಬರ ಕಷ್ಟ ಕಂಡರೆ ಅವನಿಗೆ ಕುಳಿತಲ್ಲಿ ಕೂರಲು ಆಗುವುದಿಲ್ಲ. ಮೊದಲು ಸುಪ್ರೀತನಿಗೆ ಫೋನು ಮಾಡಿ ಆಚಾರ್ಯರ ಗಂಟಲು ಹೋಗಿರುವ ಸುದ್ದಿ ಮುಟ್ಟಿಸಿದ. ಆಮೇಲೆ ಇತ್ತ ತಿರುಗಿದ.

"ಇಷ್ಟಕ್ಕ ಯಾಕ ಮಾರಿ ಸಣ್ಣ ಮಾಡ್ಕೊಂಡೀರಿ ಆಚಾರ್ರ? ನಮ್ಮ ಸೈಟಿಗೆ ಚೀನಾದ ಮಂದಿ ಬಂದಾರ. ಅವರ ಕ್ಯಾಂಪಿನ್ಯಾಗ ಲಿನ್ ಅಂತ ವೈದ್ಯ ಅದಾನ, ಮುದುಕ. ಹವಾ ತಿರುಗೂ ಮುಂದ ಎಲ್ಲಾರನ್ನೂ ಸಾಲ್ಯಾಗ ಕುಂಡ್ರಿಸಿ ಔಷಧ ಮಾಡ್ತಾನ. ಒಬ್ಬರೂ ಸೀನೂದಿಲ್ಲ."

"ಚೀನಾ ಔಷಧಿ ಅಂದ್ರೆ ಹಾವು, ಹಲ್ಲಿ..." ಎಂದು ವೆಂಕಟರಾಮು ಗೊರಗುಟ್ಟಿದ.

"ಬೆನ್ನಿಗೆ ಬರೇ ಗಾಜಿನ ಬಟ್ಟಲ ಹಚ್ಚತಾನ. ನಿಮ್ಮ ಮಡಿ ಎಲ್ಲೂ ಹೋಗೂದಿಲ್ಲ, ಏಳ್ರಿ."

ಕ್ಯಾಂಪಿನಲ್ಲಿ ಲಿನ್ನನ ಕೋಣೆಯ ತುಂಬ ಒಣಗಿದ ಬೇರು, ತೊಗಟೆಗಳ ವಾಸನೆ ತುಂಬಿತ್ತು. ಆತ ನಾಲಿಗೆ ನೋಡಿದ. ಎರಡೂ ಮಣಿಕಟ್ಟುಗಳ ಮೇಲೆ ಮೂರು ಮೂರು ಬೆರಳಿಟ್ಟು, ಗೋಡೆಯಾಚೆಯ ಮಾತು ಆಲಿಸುವವನಂತೆ ಬಹಳ ಹೊತ್ತು ಕುಳಿತ. ಆಮೇಲೆ ವೆಂಕಟರಾಮುವಿನ ಕತ್ತಿನ ಹಿಂಭಾಗ ಮುಟ್ಟಿ ಏನೋ ಹೇಳಿದ. ಲಿನ್ನಿಗೂ ಸಂಕಪ್ಪನಿಗೂ ನಡುವೆ ಇದ್ದ ಭಾಷೆ ನಾಲ್ಕು ಅರಬ್ಬಿ ಪದ, ಎರಡು ಹಿಂದಿ, ಉಳಿದದ್ದು ಕೈಸನ್ನೆ.

"ಋತು ತಿರುಗೂ ಮುಂದ ಗಾಳಿ ಇಲ್ಲಿಂದ ಒಳಗ ಹೊಕ್ಕತೈತಂತ್ರಿ," ಎಂದ ಸಂಕಪ್ಪ. "ಕುತ್ತಿಗಿ ಮುಚ್ಚಿಕೋರಿ, ಪಾದ ಬೆಚ್ಚಗಿರಲಿ, ಬಿಸೀದು ಉಣ್ಣರಿ, ಹೊತ್ತು ಸಣ್ಣದಾದಂಗ ಲಗೂನ ಮಲಗ್ರಿ ಅಂತಾನ."

ವೆಂಕಟರಾಮು ಬೆರಗಾದ. ಕಾರ್ತಿಕ ಬಂತೆಂದರೆ ಅಮ್ಮ ಅವನ ಕಿವಿ ಕುತ್ತಿಗೆಗೆ ಬಟ್ಟೆ ಸುತ್ತುತ್ತ ಹೇಳುತ್ತಿದ್ದ ಮಾತುಗಳೇ ಇವು. ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಇಷ್ಟು ದೂರ ಬಂದು, ಭಾಷೆ ತಿಳಿಯದ ಮುದುಕನ ಬಾಯಲ್ಲಿ ಅದನ್ನು ಕೇಳಿದ ಮೇಲೆ ಅವನು ಅಂಗಿ ಬಿಚ್ಚಿ ಬೋರಲು ಮಲಗಿದ.

ಲಿನ್ ಉರಿಯುವ ಹತ್ತಿಯನ್ನು ಬಟ್ಟಲಿನೊಳಗೆ ಒಮ್ಮೆ ತಿರುಗಿಸಿ ತೆಗೆದು, ಬಟ್ಟಲನ್ನು ಬೆನ್ನಿಗೆ ಒತ್ತಿದ. ಏಳು ಬಟ್ಟಲು. ಏಳು ಜನ ದೊಡ್ಡಮ್ಮಂದಿರು ಒಟ್ಟಿಗೆ ಗಲ್ಲ ಹಿಂಡಿದಂತಾಯಿತು. ಕಾಲು ಗಂಟೆಯ ನಂತರ ಬಟ್ಟಲು ಕಿತ್ತು, ಘಾಟು ಎಣ್ಣೆ ತಿಕ್ಕಿ, ಶುಂಠಿಯ ಜೊತೆ ಖರ್ಜೂರದಂಥ ಕೆಂಪು ಹಣ್ಣು ಕುದಿಸಿದ ನೀರು ಕುಡಿಸಿದ. ವೆಂಕಟರಾಮು ಮೆಲ್ಲಗೆ "ಓಂ" ಎಂದ. ಧ್ವನಿ ಗಂಟೆಯಂತೆ ಬಂತು.

ಅವನು ಹಿಗ್ಗುವಷ್ಟರಲ್ಲಿ ಲಿನ್ ಬೆರಳೆತ್ತಿದ. "ಮೋಯಾ ಮಾಫಿ. ಹವಾ ಮಾಫಿ."

"ನಾಳಿತನಕ ಬೆನ್ನಿಗೆ ನೀರು ಬೀಳಂಗಿಲ್ಲ, ಗಾಳಿ ತಾಕಂಗಿಲ್ಲ," ಎಂದ ಸಂಕಪ್ಪ. "ತಾಕಿತೋ, ಖಲಾಸ್. ಬಂದ ಧ್ವನಿ ಬಂದ ದಾರೀಲೆ ಹೊಳ್ಳಿ ಹೋಗತೈತಿ."

ವೆಂಕಟರಾಮುವಿಗೆ ಇನ್ನೂ ಸ್ನಾನವಾಗಿರಲಿಲ್ಲ. ಪೂಜೆ ಮಾಡಿಸುವವನು ಮಿಂದು, ಬರಿಮೈಯಲ್ಲಿ ಕೂರಬೇಕು. ಮಿಂದರೆ ಧ್ವನಿಯಿಲ್ಲ, ಮೀಯದಿದ್ದರೆ ಮಡಿಯಿಲ್ಲ. ಮಧ್ಯಾಹ್ನ ಅವನು ಬಚ್ಚಲು ಹೊಕ್ಕು ಷವರ್ ತಿರುಗಿಸಿ, ಗೋಡೆಗೆ ಅಂಟಿಕೊಂಡು ನಿಂತು, ನೀರು ತನ್ನಷ್ಟಕ್ಕೆ ಹರಿಯುವುದನ್ನು ನೋಡಿದ. ಕೈಕಾಲು ತೊಳೆದು, ಮಂತ್ರ ಹೇಳಿ ತಲೆಗೆ ಮೂರು ಹನಿ ಚಿಮುಕಿಸಿಕೊಂಡ. ದೇವರಿಗೆ ತನ್ನ ಕಷ್ಟ ಅರ್ಥವಾಗುತ್ತದೆ. ಅರ್ಥವಾಗದವಳು ಇಂದಿರಮ್ಮ, ಅವಳಿಗೆ ನೀರಿನ ಸದ್ದು ಸಾಕು.

ನಾಲ್ಕು ಗಂಟೆಗೆ ಸಂಕಪ್ಪ ಗಂಡ ಹೆಂಡತಿ ಇಬ್ಬರನ್ನೂ ಅಲ್ ವಕ್ರಾದಲ್ಲಿದ್ದ ಸುಪ್ರೀತನ ಹೊಸ ಫ್ಲ್ಯಾಟಿನ ಮುಂದೆ ಇಳಿಸಿ ಡ್ಯೂಟಿಗೆ ಹೋದ. ಒಳಗೆ ಇಪ್ಪತ್ತು ಜನ. ಇಂದಿರಮ್ಮ ಸಜ್ಜಿಗೆ ಹುರಿಯಲು ಅಡಿಗೆಮನೆಗೆ ನಡೆದಳು. ಮಂಟಪದ ಪಕ್ಕದಲ್ಲೇ ಟೇಪ್‌ರೆಕಾರ್ಡರು ಎರಡು ದೊಡ್ಡ ಕಣ್ಣು ಬಿಟ್ಟುಕೊಂಡು ಕುಳಿತಿತ್ತು.

"ಆಚಾರ್ರೇ, ಗಂಟಲು ಕೆಟ್ಟಿದೆಯಂತೆ. ಕ್ಯಾಸೆಟ್ ರೆಡಿ ಇದೆ, ನೀವು ಸುಮ್ನೆ ಕೂತಿದ್ರೂ ಸಾಕು," ಎಂದ ಸುಪ್ರೀತ್.

"ಅದರ ಅಗತ್ಯ ಬೀಳೋಲ್ಲ," ಎಂದ ವೆಂಕಟರಾಮು, ಆದಷ್ಟು ಗಟ್ಟಿಯಾಗಿ.

ಸುಪ್ರೀತನ ತಾಯಿ ಕಾಂತಾಮಣಿ ಮೈಸೂರಿನಿಂದ ಬಂದು ತಿಂಗಳಾಗಿತ್ತು. ಎಪ್ಪತ್ತರ ವಯಸ್ಸು, ಕಣ್ಣಿಗೆ ಪೊರೆ, ದಪ್ಪ ಕನ್ನಡಕ. ಹಿಂದಿನ ವರ್ಷವಷ್ಟೇ ಗಂಡನನ್ನು ಕಳೆದುಕೊಂಡಿದ್ದರು.

"ಇದೇನಪ್ಪ, ಬಾಣಂತಿ ಥರ ಶಾಲು ಸುತ್ಕೊಂಡಿದೀರಿ?" ಎಂದರು ಆಕೆ.

"ಏಸಿ ಗಾಳಿ, ತಾಯಿ."

"ಆರಿಸೋ ಸುಪ್ರೀತಾ."

ಏಸಿ ನಿಂತಿತು. ಇಪ್ಪತ್ತು ಜನರ ಉಸಿರಿಗೆ, ದೀಪದ ಝಳಕ್ಕೆ ವೆಂಕಟರಾಮು ಇಡ್ಲಿಯಂತೆ ಬೆಂದ. ಕಲಶ ಇಡಲು ಬಗ್ಗಿದಾಗ ಬೆವರಿಗೆ ಶಾಲು ಜಾರಿತು. ಬೆನ್ನಿನ ತುಂಬ ನೇರಳೆ ಬಣ್ಣದ ಏಳು ವೃತ್ತಗಳು.

"ಅಂಟುರೋಗಾನಾ?" ಎಂದು ಸುಪ್ರೀತನ ಹೆಂಡತಿ ಸಹನಾ ಮಗುವನ್ನು ಎಳೆದುಕೊಂಡಳು. ಸುಪ್ರೀತನ ಬೆರಳು ಟೇಪಿನ ಗುಂಡಿಯ ಹತ್ತಿರ ಹೋಯಿತು.

ಕಾಂತಾಮಣಿ ಎದ್ದು ಬಂದು ಮೂಗು ತಾಕುವಷ್ಟು ಬಗ್ಗಿ ನೋಡಿದರು. "ಎಂಥ ರೋಗ? ಮುದ್ರೆ ಕಣೇ ಇದು. ಸ್ವಾಮಿಗಳು ಶಂಖ ಚಕ್ರ ಕಾಯಿಸಿ ಒತ್ತೋದು. ನಮ್ಮ ಯಜಮಾನರು ಒಂದು ವರ್ಷವೂ ತಪ್ಪಿಸಿದವರಲ್ಲ. ಮರಳುಗಾಡಿನಲ್ಲಿ ಕೂತು ಏಳು ಮುದ್ರೆ ಪಡೆದಿದಾರೆ ಅಂದ್ರೆ ಇವರು ಸಾಮಾನ್ಯರಲ್ಲ."

ವೆಂಕಟರಾಮು ನಿಜ ಹೇಳಲು ಬಾಯಿ ತೆರೆದ. ಸುಪ್ರೀತನ ಬೆರಳು ಗುಂಡಿಯಿಂದ ಹಿಂದೆ ಸರಿಯುತ್ತಿತ್ತು. ತೆರೆದ ಬಾಯಿಯಲ್ಲಿ, "ಎಲ್ಲ ಅವನ ದಯೆ," ಎಂದುಬಿಟ್ಟ.

"ಹಾಗಾದ್ರೆ ನಮ್ಮ ಮನೆ ಪದ್ಧತಿ ಬಿಡೋ ಹಾಗಿಲ್ಲ," ಎಂದರು ಕಾಂತಾಮಣಿ. "ಮುದ್ರೆಯವರು ಪೂಜೆಗೆ ಕೂರೋ ಮುಂಚೆ ಪೂಜೆ ಮಾಡಿಸೋ ಮನೆಯವನು ಅವರ ತಲೆ ಮೇಲೆ ಐದು ಚೊಂಬು ತಣ್ಣೀರು ಹಾಕ್ಬೇಕು."

ವೆಂಕಟರಾಮುವಿಗೆ ಉಳಿದಿದ್ದ ಆಸೆ ಒಂದೇ: ದೋಹಾದ ನಲ್ಲಿಯಲ್ಲಿ ತಣ್ಣೀರೆಂಬುದು ಇರುವುದಿಲ್ಲ, ತಾರಸಿಯ ಟ್ಯಾಂಕು ದಿನವಿಡೀ ಕಾದಿರುತ್ತದೆ. ಸುಪ್ರೀತ್ ತುಂಬಿ ತಂದ ಬಕೆಟ್ಟಿಗೆ ಕಾಂತಾಮಣಿ ಬೆರಳದ್ದಿದರು. "ಇದು ಬಿಸಿನೀರು. ಫ್ರಿಜ್ಜಿನಲ್ಲಿರೋ ನೀರಿನ ಬಾಟಲಿ ತಾರೋ. ಸೀಲು ಒಡೆದಿಲ್ಲ ತಾನೆ? ಮೈಲಿಗೆಯಿಲ್ಲ."

ಐದು ಬಾಟಲಿ. ಐದನೆಯದಕ್ಕೆ ವೆಂಕಟರಾಮುವಿಗೆ ತನ್ನ ಹೆಸರೇ ಮರೆತಂತಾಯಿತು.

ಸತ್ಯನಾರಾಯಣ ಕತೆಯ ಮೊದಲ ಅಧ್ಯಾಯ ಚೆನ್ನಾಗಿ ಸಾಗಿತು. ಎರಡನೆಯದರಲ್ಲಿ ಧ್ವನಿ ಕೆರೆಯತೊಡಗಿತು. ವರ್ತಕನ ಹಡಗು ಮುಳುಗುವ ಹೊತ್ತಿಗೆ ಅದೂ ಜೊತೆಯಲ್ಲೇ ಮುಳುಗಿತು. ಸುಪ್ರೀತ್ ಗುಂಡಿ ಒತ್ತಿದ. ಉಳಿದ ಕತೆಯನ್ನು ಟೇಪ್‌ರೆಕಾರ್ಡರು ಒಮ್ಮೆಯೂ ಕೆಮ್ಮದೆ ಮುಗಿಸಿತು.

ಊಟದ ಹೊತ್ತಿನಲ್ಲಿ ಹೆಂಗಸರು ವೆಂಕಟರಾಮುವನ್ನು ಸುತ್ತಿಕೊಂಡು ಆ ಸ್ವಾಮಿಗಳು ಎಲ್ಲಿ ಇಳಿದಿದ್ದಾರೆಂದು ಕೇಳಿದರು. ಅವನು ಬರಿದೆ ತುಟಿ ಆಡಿಸಿದ. ಕಾಂತಾಮಣಿ ಅವರನ್ನೆಲ್ಲ ಕಳಿಸಿ, ತಾವೇ ಸಜ್ಜಿಗೆ ಬಡಿಸಿ ಪಕ್ಕದಲ್ಲಿ ಕುಳಿತರು.

"ಬೇಜಾರು ಮಾಡ್ಕೋಬೇಡಿ," ಎಂದರು ತಗ್ಗಿದ ದನಿಯಲ್ಲಿ. "ಮುದ್ರೆ ಬೆನ್ನಿಗೆ ಹಾಕೋದಿಲ್ಲ ಅಂತ ನನಗೆ ತಿಳೀದೇ? ನಮ್ಮಜ್ಜಿ ಹೊಟ್ಟೆನೋವಿಗೆ ಹಣತೆ ಇಟ್ಟು ಚೊಂಬು ಕವುಚೋರು. ಗುರುತು ಹೀಗೇ ಬೀಳ್ತಿತ್ತು."

ವೆಂಕಟರಾಮು ಎಡಗೈಯಲ್ಲಿ ಶಾಲನ್ನು ಬೆನ್ನ ಮೇಲೆ ಎಳೆದುಕೊಂಡ.

"ಹತ್ತಿರ ಬಂದಾಗ ಎಣ್ಣೆ ಘಾಟು ಹೊಡೀತು. ಬೆಳಗಿಂದ ಈ ಮೈಗೆ ನೀರು ಬಿದ್ದಿಲ್ಲ ಅಂತ ಗೊತ್ತಾಯ್ತು. ಎಲ್ಲರೆದುರು ಸ್ನಾನ ಮಾಡಿ ಬನ್ನಿ ಅಂದ್ರೆ ನಿಮ್ಮ ಮರ್ಯಾದೆ ಹೋಗೋದು. ಅಂದಿಲ್ಲ ಅಂದ್ರೆ ದೇವರ ಮರ್ಯಾದೆ. ಅದಕ್ಕೇ ಆ ಪದ್ಧತಿ ಹುಟ್ಟಿಸಿದೆ."

ಅವನು ಏನೋ ಹೇಳಲು ಹೊರಟ. ಗಾಳಿ ಮಾತ್ರ ಬಂತು.

"ಶ್ರಮ ಪಡಬೇಡಿ. ಗಂಟಲು ಹೋಯ್ತು ಅಂತ ಯಾರೂ ಆಡಿಕೊಳ್ಳದ ಹಾಗೆ ಮಾಡಿದೀನಿ," ಎಂದು ಕಾಂತಾಮಣಿ ಅವನ ಎಲೆಗೆ ಇನ್ನೊಂದು ಚಮಚ ತುಪ್ಪ ಹಾಕಿದರು. "ಮುದ್ರೆಯವರಿಗೆ ಮೌನವ್ರತ ಶುರುವಾಗಿದೆ ಅಂತ ಹೇಳಿದೀನಿ. ನಲವತ್ತೆಂಟು ದಿನ."

ವೆಂಕಟರಾಮು ಕತ್ತೆತ್ತಿ ನೋಡಿದ. ಅವನು ಎದ್ದ ಮಣೆಯ ಮೇಲೆ ಟೇಪ್‌ರೆಕಾರ್ಡರನ್ನು ಕೂರಿಸಿ, ಸಹನಾ ಅದಕ್ಕೆ ಕುಂಕುಮ ಇಡುತ್ತಿದ್ದಳು. ಮುಂದಿನ ಶುಕ್ರವಾರಕ್ಕೆ ಅದನ್ನು ಕರೆಯಲು ಮೂರು ಮನೆಯವರು ಕಾದು ನಿಂತಿದ್ದರು.