ಮೇಲಿನ ಕಾಗದ, ಕೆಳಗಿನ ಕಾಗದ

ಹೆಂಡತಿ ಕಾಗದಕ್ಕೆ ತಾರೀಖು ಹಾಕುವವಳಲ್ಲ. ಅನಾಹುತಕ್ಕೆಲ್ಲ ಅದೇ ಮೂಲ.

ಕಾಲೇಜಿನಲ್ಲಿ ಭೂವಿಜ್ಞಾನ ಹೇಳುವ ಕಲ್ಲು ಮೇಷ್ಟ್ರು ಮಂಚದ ತುಂಬ ಕಲ್ಲು ಹರಡಿಕೊಂಡಿದ್ದಕ್ಕೆ ಆಕೆ "ನಾನೋ ಕಲ್ಲೋ ತೀರ್ಮಾನ ಮಾಡಿ" ಎಂದು ತವರಿಗೆ ಹೋಗಿ ನಾಲ್ಕು ತಿಂಗಳಾಗಿತ್ತು. ಫೋನಿನಲ್ಲಿ ಮಾತಾಡಿದರೆ ಜಗಳ, ಹಾಗಾಗಿ ಕಾಗದ. ಮೇಷ್ಟ್ರು ಈಗಲೂ ಬೆಳಿಗ್ಗೆ ಎರಡು ಲೋಟ ಕಾಫಿ ಸೋಸಿ, ಎರಡನ್ನೂ ತಾವೇ ಕುಡಿಯುತ್ತಿದ್ದರು. ಅವಳ ಗೊಣಗಾಟಕ್ಕೂ ಕಿವಿ ಹಾತೊರೆಯುತ್ತಿತ್ತು.

ಆ ಶನಿವಾರ, ವಿದ್ಯಾರ್ಥಿಗಳ ಜೊತೆ ಹತ್ತು ದಿನ ಬೆಟ್ಟ ಸುತ್ತಿ ಬಂದರೆ, ಜವಾನ ದಿನಾ ಒಂದರ ಮೇಲೊಂದು ಪೇರಿಸಿದ್ದ ಟಪಾಲು ಸ್ಟಾಫ್ ರೂಮಿನ ಮೇಜಿನ ಮೇಲಿತ್ತು. ಅದರಲ್ಲಿ ಅವಳ ಎರಡು ಕಾಗದ. ಅಂಚೆ ಮುದ್ರೆಗಳು ಬರೀ ಮಸಿ. ಕೆಳಗಿನದರಲ್ಲಿ: "ನೀವು ಬೆಟ್ಟದಿಂದ ಬರೋ ಶನಿವಾರ ನಾಲ್ಕರ ಬಸ್ಸಿಗೆ ನಾನೂ ಬರ್ತೀನಿ. ಸ್ಟಾಪಲ್ಲಿ ನೀವು ಕಾಣದಿದ್ರೆ ಬಂದ ದಾರಿ ಹಿಡೀತೀನಿ." ಮೇಲಿನದರಲ್ಲಿ: "ನಾನು ಬರೋದಿಲ್ಲ. ಕಾಯಬೇಡಿ."

"ಸೂಪರ್‌ಪೊಸಿಷನ್!" ಮೇಷ್ಟ್ರ ಮುಖ ಬಾಡಿತು. "ಬಂಡೆಗಳಲ್ಲಿ ಹೇಗೋ ಹಾಗೆ, ಪದರದ ಮೇಲೆ ಪದರ. ಕೆಳಗಿರೋದು ಹಳೇದು, ಮೇಲಿರೋದು ಹೊಸದು. ಮನಸ್ಸು ಬದಲಾಯಿಸಿಬಿಟ್ಟಿದಾಳೆ."

ಪಕ್ಕದ ಮೇಜಿನ ಫಿಸಿಕ್ಸ್ ಮೇಡಂ ಕಾಗದಕ್ಕೆ ಆಗಲೇ ಕಣ್ಣು ಹಾಕಿದ್ದರು. "ಸೂಪರ್‌ಪೊಸಿಷನ್ ಅಂದ್ರೆ ಅದಲ್ಲ ಸಾರ್. ನೋಡೋವರೆಗೂ ಅವರು ಬಂದೂ ಇದಾರೆ, ಬರದೇನೂ ಇದಾರೆ. ಹೋಗಿ ನೋಡಿ."

"ಸೂಪರ್‌ಪೊಸಿಷನ್ ಅಂದ್ರೆ ಎರಡನ್ನೂ ಕೂಡಬೇಕು ಕಣ್ರೀ," ಎಂದು ಗಣಿತದ ಮೇಷ್ಟ್ರು ಕುರ್ಚಿ ಎಳೆದುಕೊಂಡು ಬಂದರು. "ಬರ್ತೀನಿ ಅನ್ನೋದು ಪ್ಲಸ್ಸು, ಬರಲ್ಲ ಅನ್ನೋದು ಮೈನಸ್ಸು. ಮೊತ್ತ ಸೊನ್ನೆ. ಅಂದ್ರೆ ಜಗಳಾನೇ ಆಗಿಲ್ಲ!"

"ಆಗಿಲ್ಲ ಅಂದ್ರೆ ಅವಳ್ಯಾಕ್ರೀ ಮನೇಲಿಲ್ಲ?"

ಮೂರಕ್ಕೆ ಶುರುವಾದ ವಾದ ಕೈಕೈ ಮಿಲಾಯಿಸುವ ಹಂತಕ್ಕೆ ಬಂತು. ಕಲ್ಲು ಮೇಷ್ಟ್ರು ಎರಡು ಸಲ ಬಾಗಿಲತನಕ ಹೋಗಿ ಬಂದರು. ಆದರೆ ಅವಳಿಳಿಯದ ಬಸ್ಸಿನ ಮುಂದೆ ಪೆಚ್ಚಾಗಿ ನಿಲ್ಲಲು ಧೈರ್ಯ ಬೇಕಲ್ಲ? ಅದಕ್ಕಿಂತ ಇಪ್ಪತ್ತು ವರ್ಷ ಪಾಠ ಹೇಳಿದ ನಿಯಮವನ್ನು ನಂಬುವುದೇ ಸುಲಭ. ನಾಲ್ಕು ಹೊಡೆಯಿತು. ಅವರು ಕೂತೇ ಇದ್ದರು.

ನಾಲ್ಕೂವರೆಗೆ ಗುಡಿಸುವ ಅಕ್ಕ ಪೊರಕೆ ಹಿಡಿದು ಬಂದರು. "ಸಾರ್, ಬೆಳಿಗ್ಗೆ ಮೇಜು ಒರೆಸೋಕೆ ನಿಮ್ಮ ಟಪಾಲಿನ ರಾಶೀನ ಕುರ್ಚಿ ಮೇಲೆ ಬೋರಲು ಹಾಕಿದ್ದೆ. ಆಮೇಲೆ ಹಾಗೇ ಎತ್ತಿಟ್ಬಿಟ್ಟೆ. ಏನೂ ಕಳೆದಿಲ್ಲ ತಾನೆ?"

"ಬೋರಲಾ! ಹಾಗಾದ್ರೆ ಕೆಳಗಿದ್ದದ್ದೇ ಹೊಸದು!" ಮೇಷ್ಟ್ರು ಚಪ್ಪಲಿಯನ್ನೂ ಮೆಟ್ಟದೆ ಓಡಿದರು. "ನಾನು ಆಗ್ಲೇ ಹೇಳಲಿಲ್ವಾ?" ಎಂದು ಮೇಡಂ ಹಿಂದಿನಿಂದ ಕೂಗಿದರು.

ಬಸ್‌ಸ್ಟಾಪಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಎದುರಿನ ಪೇಪರ್ ಅಂಗಡಿಯವನು ತಲೆ ಹೊರಗೆ ಹಾಕಿದ. "ಅಮ್ಮ ಅರ್ಧ ಗಂಟೆ ಕಾದ್ರು ಸಾರ್. ಈಗ ತಾನೇ ವಾಪಸ್ ಬಸ್ಸು ಹತ್ತಿದ್ರು. ನಿಮಗೇಂತ ಬೆಂಚಿನ ಮೇಲೆ ಏನೋ ಇಟ್ಟಿದಾರೆ ನೋಡಿ."

ಒಂದು ಚೀಟಿ, ಹಾರಿಹೋಗದ ಹಾಗೆ ಅದರ ಮೇಲೊಂದು ಕಲ್ಲು. ನೀಲಿ ಗೆರೆಯ, ಅಂಗೈಯಗಲದ, ಮೇಷ್ಟ್ರು ಜನ್ಮದಲ್ಲಿ ಕಾಣದಂಥ ಚೆಲುವಾದ ಕಲ್ಲು. ಚೀಟಿಯಲ್ಲಿ ಬರೆದಿತ್ತು: "ಹೊಳೆ ಹತ್ರ ಸಿಕ್ತು. ನಿಮಗಿಷ್ಟ ಆಗುತ್ತೆ ಅಂತ ಹೊತ್ತು ತಂದೆ. ಇನ್ನು ಇದರ ಜೊತೆಗೇ ಸಂಸಾರ ಮಾಡಿ."

ಕೋಟಿ ವರ್ಷ ಹಳೆಯ ಕಲ್ಲು ಮೇಲಿತ್ತು. ಐದು ನಿಮಿಷದ ಹಿಂದಿನ ಕಾಗದ ಕೆಳಗಿತ್ತು. ಮೇಷ್ಟ್ರು ಎರಡನ್ನೂ ಎದೆಗೊತ್ತಿಕೊಂಡು, ಬಸ್ಸು ಹೋದ ದಾರಿಯನ್ನೇ ನೋಡುತ್ತ ಕೂತರು.