ನಾನು ಮೂಸಿ ತಂದ ಮಿಡಿ

ಅಥವಾ ಅದು ಸುಳ್ಯದ ಸಂತೆಯಲ್ಲ, ಪುತ್ತೂರಿನದೇ ಇರಬೇಕು. ಮಾರುವ ಹೆಂಗಸು ಬುಟ್ಟಿಗೆ ಮೈ ಒರೆಸುವ ಹಸಿರು ಬೈರಾಸು ಮುಚ್ಚಿದ್ದಳು ಎಂದು ನೆನಪು; ಆ ಬೈರಾಸನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ ಏನೋ. ಒಂದು ಮಾತ್ರ ಖಂಡಿತ: ಮಾವಿನ ಮಿಡಿಯ ತೊಟ್ಟು ಮುರಿದು, ಒಸರಿದ ಸೊನೆಯನ್ನು ಮೂಗಿಗೆ ಹಿಡಿದಾಗ ನನಗೆ ಏನೂ ತಿಳಿಯಲಿಲ್ಲ.

ಸೊನೆಗೆ ಜೀರಿಗೆಯಂಥ ಪರಿಮಳವಿದ್ದರೆ ಮಾತ್ರ ಮಿಡಿ ಉಪ್ಪಿನಕಾಯಿಗೆ ಯೋಗ್ಯ. ನಮ್ಮ ಮನೆಯಲ್ಲಿ ಆ ತೀರ್ಪು ಕೊಡುವುದು ನನ್ನ ಮೂಗು. ಬೇರೆ ಯಾವ ವಿಷಯದಲ್ಲೂ ನನ್ನ ಅಭಿಪ್ರಾಯ ಕೇಳದ ಹೆಂಡತಿ ಶಾರದೆ ಇದೊಂದರಲ್ಲಿ ನನ್ನನ್ನು ನಂಬಿದ್ದಾಳೆ. ಹೋದ ವರ್ಷ ಶಿವರಾತ್ರಿಯ ಹೊತ್ತಿಗೆ ಇಬ್ಬರೂ ಜ್ವರ ಬಂದು ಮಲಗಿದ್ದೆವು. ಜ್ವರ ಹೋಗುವಾಗ ನನ್ನ ಘ್ರಾಣಶಕ್ತಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಹೇಳಿದರೆ ಮನೆಯಲ್ಲಿ ನನಗೆ ಉಳಿದಿದ್ದ ಏಕೈಕ ಹುದ್ದೆ ಹೋಗುತ್ತಿತ್ತು. ಹಾಗಾಗಿ ಹೇಳಿರಲಿಲ್ಲ.

ಆ ದಿನಗಳಲ್ಲಿ ನಾನು ಬೌದ್ಧರ ಶೂನ್ಯದ ಬಗ್ಗೆ ಓದುತ್ತಿದ್ದೆ. ವಾಸನೆ ವಸ್ತುವಿನೊಳಗೆ ಕೂತಿಲ್ಲ, ಮೂಗಿನೊಳಗೂ ಕೂತಿಲ್ಲ. ವಸ್ತು, ಮೂಗು, ಅರಿವು ಮೂರೂ ಕೂಡಿದಾಗ ಹುಟ್ಟುತ್ತದೆ, ಅದಕ್ಕೆ ತನ್ನದೇ ಆದ ತಿರುಳಿಲ್ಲ ಎಂದಿತ್ತು. ನನಗೆ ಬಹಳ ಸಮಾಧಾನವಾಯಿತು. ಕೆಟ್ಟದ್ದು ನನ್ನ ಮೂಗಲ್ಲ, ಜಗತ್ತಿನ ಸ್ವಭಾವವೇ ಹಾಗೆ. ಆದರೆ ಬುಟ್ಟಿಯ ಹಿಂದೆ ಕೂತವಳಿಗೆ ಇದನ್ನು ವಿವರಿಸುವುದು ಹೇಗೆ?

“ಎಂತ ಮಾರಾಯ್ರೆ, ನೀವು ಮೂಸುದೋ ಧ್ಯಾನ ಮಾಡುದೋ?” ಎಂದಳು. ಫಸ್ಟ್ ಕ್ಲಾಸ್ ಉಂಟು ಎಂದು ಗಂಭೀರವಾಗಿ ತಲೆಯಾಡಿಸಿ ಐನೂರು ಮಿಡಿ ತಂದೆ. ಶಾರದೆ ವಾರಗಟ್ಟಲೆ ಉಪ್ಪಿನಲ್ಲಿಟ್ಟು, ಖಾರ ಅರೆದು, ಭರಣಿ ತುಂಬಿಸಿ ಬಾಯಿ ಕಟ್ಟಿದಳು. ವರ್ಷದ ಉಪ್ಪಿನಕಾಯಿ ಅದೊಂದೇ.

ಭರಣಿ ತೆರೆದ ದಿನ ಅವಳು ಒಂದು ಮಿಡಿ ಕಚ್ಚಿದಳು. ನಾನು ಉಸಿರು ಬಿಗಿಹಿಡಿದೆ, ಉಸಿರಾಡಿದ್ದರೂ ಪ್ರಯೋಜನವಿರಲಿಲ್ಲ. ತುಂಬ ಹೊತ್ತು ಜಗಿದು, ಪರಿಮಳ ಹೇಗಿದೆಯೆಂದು ನನ್ನನ್ನೇ ಕೇಳಿದಳು. ತಿಂದದ್ದು ನೀನಲ್ಲವೇ ಎಂದೆ.

“ನನಗೆ ಆ ಜ್ವರ ಬಂದ ಮೇಲೆ ಎಂತದೂ ಗೊತ್ತಾಗುದಿಲ್ಲ,” ಎಂದಳು ಮೆಲ್ಲಗೆ. “ನಿಮ್ಮ ಮೂಗು ಉಂಟಲ್ಲ ಅಂತ ಧೈರ್ಯದಲ್ಲಿದ್ದೆ.”

ಆಗಲೇ ನಿಜ ಹೇಳಬೇಕಿತ್ತು. ಹೇಳಿಬಿಟ್ಟೆ ಎಂದೇ ಇಷ್ಟು ದಿನ ಅಂದುಕೊಂಡಿದ್ದೆ. ಬರೆಯಲು ಕೂತಾಗ ನೋಡಿದರೆ, ಭರಣಿಗೆ ಬಗ್ಗಿ ದೀರ್ಘವಾಗಿ ಉಸಿರೆಳೆದು, “ಒಳ್ಳೆ ಜೀರಿಗೆ ಪರಿಮಳ” ಎಂದದ್ದೇ ನೆನಪಾಗುತ್ತದೆ. ಅವಳು ನೆಮ್ಮದಿಯಿಂದ ಇನ್ನೊಂದು ಮಿಡಿ ತೆಗೆದುಕೊಂಡಳು.

ಈಶ್ವರಮಂಗಲದ ಭಾವ ಬಂದಾಗಲೆಲ್ಲ ಆ ಉಪ್ಪಿನಕಾಯಿಯನ್ನು ಕೇಳಿ ಬಡಿಸಿಕೊಳ್ಳುತ್ತಾರೆ. ಆದರೆ ಅವರು ಎಲ್ಲವನ್ನೂ ಕೇಳಿ ಬಡಿಸಿಕೊಳ್ಳುವವರು. ಭರಣಿಯ ತಳ ಕಾಣುತ್ತಾ ಬಂದಿದೆ. ಅದರಲ್ಲಿ ಪರಿಮಳ ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.